ಏಡಿಯಜ್ಜ ಹಿಡಿದ ಬಾಲ

"ಸಮುದ್ರದಲ್ಲಿ ಈ ಪೆಟ್ಟಿಗೆ ಮೀನಿನ ವಿಷವನ್ನು ಮಜ್ಜಿಗೆಯಂತೆ ಕುಡಿದವನು ನಾನು. ಕಂಡವರು ಯಾರೂ ಬದುಕಿಲ್ಲ, ಅಷ್ಟೇ," ಎಂದಿತು ಮನೆಯ ಉಪ್ಪುನೀರಿನ ಗಾಜುತೊಟ್ಟಿಯಲ್ಲಿದ್ದ ಮುದಿ ಏಡಿ. ಹಾಗೆನ್ನುತ್ತಲೇ, ಅಂದೇ ಬಂದಿದ್ದ, ಪೆಟ್ಟಿಗೆಯಂತೆ ಚೌಕ ಮೈಯ ಹಳದಿ ಮೀನಿನ ಬಾಲವನ್ನು ಇಕ್ಕುಳದಂಥ ಕೈಯಲ್ಲಿ ಹಿಡಿಯಿತು.

"ಬಿಡಿ ಯಜಮಾನರೇ," ಎಂದು ಹಳದಿ ಮೀನು ನಡುಗಿತು. "ಹೆದರಿದರೆ ನನ್ನ ಮೈಯಿಂದ ವಿಷ ತಾನಾಗಿ ಒಸರುತ್ತದೆ. ಇಷ್ಟೇ ನೀರಿನಲ್ಲಿ ನೀವೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ."

ಪಕ್ಕದಲ್ಲಿದ್ದ ಪಟ್ಟೆಮೀನು ಹಿಂದೆ ಸರಿಯಿತು. ಓಡೋಣವೆಂದರೆ ನಾಲ್ಕೂ ಕಡೆ ಗಾಜು. ಅದು ಮೆಲ್ಲಗೆ ಕೇಳಿತು:

"ಅಜ್ಜಾ, ಇದು ಯಾವ ಮೀನು ಅಂತ ಬೆಳಿಗ್ಗೆ ನನ್ನನ್ನೇ ಕೇಳಿದೆಯಲ್ಲ?"



"ವಯಸ್ಸಾಯ್ತಲ್ಲ ಮಗಳೇ, ಮರೆತಿರಬೇಕು," ಎಂದು ಏಡಿ ಎರಡೂ ಕೈ ಮೇಲೆತ್ತಿ ಅಗಲಿಸಿತು. ಅಗಲಿಸಿದ ಕೈಯಿಂದ ಬಾಲ ಜಾರಿಕೊಂಡಿತು.