ಆರತಿಯ ಕೆಂಪು ತಿಂದವರು ಯಾರು?

“ಕೇಳ್ರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿ, ಕಣ್ಣೆದುರೇ ತೋರಿಸಿಕೊಟ್ಟವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರ ತಲೆ ಹೋಗುತ್ತೆ!”

ತಾಮ್ರದ ಕುಲುಮೆಗಳ ಊರಾದ ತಾಮ್ರಗಿರಿಯಲ್ಲಿ ಹೀಗೆ ಡಂಗುರ ಸಾರಿದ್ದಕ್ಕೆ ಕಾರಣವಿತ್ತು. ಆರತಿಗೆ ಮಳೆನೀರೇ ಆಗಬೇಕೆಂಬುದು ಆ ಅರಮನೆಯ ಪದ್ಧತಿ. ರಾಜಕುಮಾರಿಯ ನಾಮಕರಣದ ದಿನ ಮಳೆನೀರಿಗೆ ಅರಿಸಿನ, ಸುಣ್ಣ ಕದಡಿದರೆ ನೀರು ಕೆಂಪಾಗಲೇ ಇಲ್ಲ. ಸುಣ್ಣದಲ್ಲಿ ಮೋಸವೆಂದು ಅರಸ ಚೆನ್ನಿಗರಾಯ, ಸುಣ್ಣ ಸುಡುವ ಈರವ್ವನನ್ನು ಸೆರೆಗೆ ಹಾಕಿದ. ಆಮೇಲೆ ಬೇರೆಯವರ ಸುಣ್ಣ ತಂದರೂ ಅದೇ ಕತೆ. ಅರಸನ ತಲೆಗೆ ಹುಳ ಹೊಕ್ಕಿತು. ಆದರೂ ಆಡಿದ ಮಾತು ಹಿಂತೆಗೆಯಲು ಗತ್ತು ಬಿಡಬೇಕಲ್ಲ!

“ಆರತಿಯ ಕೆಂಪು ತಿಂದವರು ಯಾರು? ಕಾಲಬುಡದಲ್ಲಿ ನೀರಿದ್ದೂ ನನ್ನ ತೋಟ ಬಾಡುವುದೇಕೆ? ಇದನ್ನೆಲ್ಲ ಕಳಿಸಿದ ಶತ್ರು ಯಾರು?” ಎಂದು ಅರಸ ಕೇಳಿದ.

ಜೋಯಿಸರು ರಾಹುವೆಂದು ಶಾಂತಿ ಮಾಡಿಸಿದರು. ನೀರು ಹಳದಿಯಾಗಿಯೇ ಇತ್ತು. ನೆರೆರಾಜ್ಯದ ರಾಜಕುಮಾರ ಅರಿಸಿನ ಹಳತೆಂದು ಹೊಸ ಕೊಂಬು ತೇಯಿಸಿದ. ಅದೂ ಹಳದಿಯೇ. ಇಬ್ಬರನ್ನೂ ಕಾವಲಿನಲ್ಲಿಟ್ಟು ಕತ್ತಿ ಮಸೆಯಲು ಹೇಳಿದರು.

ಆಗ ಈರವ್ವನ ಮಗ ದ್ಯಾವ ಬಂದ. ಅವ್ವನನ್ನು ಬಿಡಿಸದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಬಟ್ಟಲಿಗೆ ಬಾವಿನೀರು, ಇನ್ನೊಂದಕ್ಕೆ ಮಳೆನೀರು ಹಾಕಿ ಎರಡಕ್ಕೂ ಅರಿಸಿನ, ಚಿಟಿಕೆ ಸುಣ್ಣ ಕದಡಿದ. ಬಾವಿನೀರು ಕೆಂಪಾಯಿತು, ಮಳೆನೀರು ಹಳದಿಯಾಗಿಯೇ ಉಳಿಯಿತು.

“ಸುಣ್ಣ ಸರಿಯಾಗೇ ಅದೆ ಬುದ್ಧಿ. ಮಳೇನೇ ಹುಳಿ ಆಗ್ಯದೆ. ಆ ಹುಳಿ ಸುಣ್ಣದ ಖಾರ ಮುರೀತದೆ.”

ಆಮೇಲೆ ತೋಟದಲ್ಲಿ ಗಿಡವೊಂದನ್ನು ಕಿತ್ತ. ಬೇರಿನ ತುದಿಗಳು ಮೊಂಡಾಗಿ ಕಂದಿದ್ದವು. “ಹುಳಿನೀರು ಮಣ್ಣಿನ ಸಾರ ತೊಳಕೊಂಡು ಹೋಯ್ತದೆ. ಮಣ್ಣೊಳಗೆ ಸುಮ್ಕೆ ಮಲಗಿದ್ದ ಲೋಹ ಕರಗಿ ಬೇರು ಸುಡ್ತದೆ. ಸುಣ್ಣದ ಧೂಳು ಬೀಳೋ ನಮ್ಮ ಗೂಡಿನ ಸುತ್ತ ಬಳ್ಳಿ ಹಸಿರಾಗೇ ಅದೆ, ನೋಡಿ ಬನ್ನಿ.” ಆಳುಗಳು ಹೋಗಿ ನೋಡಿ ಬಂದು ಹೌದೆಂದರು.

“ಶತ್ರು ಯಾರು?” ಅರಸ ಮುಂದಕ್ಕೆ ಬಾಗಿದ.

ದ್ಯಾವ ಎಲ್ಲರನ್ನೂ ಕುಲುಮೆಯ ಬಳಿಗೆ ಕರೆದೊಯ್ದ. ಅರಿಸಿನ ಸುಣ್ಣದಲ್ಲಿ ಅದ್ದಿದ ಕೆಂಪು ಬಟ್ಟೆಯನ್ನು ಅರಸನ ತಾಮ್ರದ ಕುಲುಮೆಯ ಹೊಗೆಗೆ ಹಿಡಿದ. ಎಲ್ಲರೂ ನೋಡುತ್ತಿದ್ದಂತೆ ಬಟ್ಟೆ ಹಳದಿಗೆ ತಿರುಗಿತು.

“ಹೊಗೆ ಊರಿಗೆ ಬೀಳದಿರಲಿ ಅಂತ ಚಿಮಣಿ ಎತ್ತರ ಕಟ್ಟಿಸಿದ್ದೆನಲ್ಲ!” ಎಂದ ಅರಸ.

“ಅದಕ್ಕೇ ಮೋಡಕ್ಕೆ ಸಿಕ್ತು ಬುದ್ಧಿ.”

ಅರಸ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ರಾಜಕುಮಾರಿಯನ್ನು ಧಾರೆ ಎರೆಯೋಣವೆಂದರೆ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಹೊಗೆಯನ್ನು ಸುಣ್ಣದ ತಿಳಿನೀರಲ್ಲಿ ಹಾಯಿಸಿಯೇ ಹೊರಬಿಡಬೇಕೆಂದು ದ್ಯಾವ ಕೇಳಿದ. ಅರಸ ಒಪ್ಪಿ, ಕುಲುಮೆಗಳ ಯಜಮಾನಿಕೆಯನ್ನೂ ಅವನಿಗೇ ಕೊಟ್ಟ.

“ತಪ್ಪಾಯಿತು ತಾಯಿ” ಎಂದು ಅರಸ ಈರವ್ವನಿಗೆ ಕೈ ಮುಗಿದ.

ಈರವ್ವ ಹೊಗೆಗೆ ಕೆಮ್ಮಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಅದಿರ್ಲಿ ಬುದ್ಧಿ. ಮೊದಲು ಆ ಬೆಂಕಿ ಆರಿಸಿ.”