ಬೇಟೆಗಾರನ ನಾಲ್ಕನೆಯ ಹಗ್ಗ

"ಗುರುಗಳೇ, ಹುಣ್ಣಿಮೆಯ ನೇಮ ನನಗೆ ಇನ್ನೂ ಬೇಕೇ?" ಎಂದು ಹಾಲಪ್ಪ ಕೇಳಿದ.

ಮರುಳಯ್ಯ ಗುರುಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ. "ಯಾಕಪ್ಪ, ಬೇಸರ ಬಂತೇ?" ಎಂದರು.

ಹುಣ್ಣಿಮೆಯ ನೇಮ ಎಂದರೆ ಇಷ್ಟೇ. ಗುರುಗಳ ಶಿಷ್ಯರು ಎಲ್ಲೇ ಇರಲಿ, ಹುಣ್ಣಿಮೆಯ ದಿನ ಮಠಕ್ಕೆ ಬಂದು ಇಬ್ಬಿಬ್ಬರಾಗಿ ಎದುರುಬದುರು ಕೂರಬೇಕು. ಒಬ್ಬ ತನ್ನ ಮನಸ್ಸು ಆ ತಿಂಗಳು ಹೇಗೆ ನಡೆಯಿತು ಎಂದು ಹೇಳಬೇಕು. ಇನ್ನೊಬ್ಬ ಅದನ್ನು ಕೇಳಿ, ತನಗೆ ಕಂಡ ತಪ್ಪನ್ನು ಮುಖದೆದುರೇ ಹೇಳಬೇಕು. ಹಾಲಪ್ಪನ ಪಾಲಿಗೆ ಬಂದವನು ಅಡುಗೆಮನೆ ನೋಡಿಕೊಳ್ಳುವ ಈರಯ್ಯ. ಒಂದು ಮಾತು ಹೇಳಿದರೆ ಹತ್ತು ಪ್ರಶ್ನೆ ಕೇಳುವ ಆಸಾಮಿ. ಹಾಲಪ್ಪ ಈಗ ಗುಡ್ಡದ ಮೇಲಿನ ಗವಿಯಲ್ಲಿ ಒಬ್ಬನೇ ಇದ್ದು ಸಾಧನೆ ಮಾಡಲು ಹೊರಟಿದ್ದ. ಅಲ್ಲಿಂದ ಇಳಿದು ಬಂದು ಈರಯ್ಯನ ಎದುರು ಕೂರುವುದನ್ನು ನೆನೆದರೇ ಅವನಿಗೆ ಮೈ ಉರಿಯುತ್ತಿತ್ತು.

"ಬೇಸರ ಅಂತಲ್ಲ ಗುರುಗಳೇ. ನನಗೆ ಜಪವಿದೆ. ಜಪದಲ್ಲಿ ಮನಸ್ಸು ಜಾರಿದರೆ ಹಿಡಿಯಲು ಉಪವಾಸವಿದೆ. ಅದೂ ತಪ್ಪಿದರೆ ಇಷ್ಟು ವರ್ಷ ಓದಿದ್ದು ಕೈಹಿಡಿಯುತ್ತದೆ. ಮೂರನ್ನೂ ದಿನಾ ನಾನೇ ನೋಡಿಕೊಳ್ಳುತ್ತೇನೆ. ಎಲ್ಲಿ ಸಡಿಲವಾಯಿತು ಎಂದು ನಾನೇ ಹುಡುಕುತ್ತೇನೆ, ನಾನೇ ತಿದ್ದಿಕೊಳ್ಳುತ್ತೇನೆ. ಇಷ್ಟಿರುವಾಗ ಈರಯ್ಯ ಯಾಕೆ?"

ಗುರುಗಳು ಅವನನ್ನು ಒಮ್ಮೆ ನೋಡಿದರು. "ಕೂತುಕೋ. ಕೈ ಖಾಲಿ ಇದೆಯಲ್ಲ, ನೀನೂ ಸುಲಿ" ಎಂದು ಒಂದು ಬೊಗಸೆ ಅವರೆಕಾಯಿ ಅವನ ಮುಂದೆ ಸುರಿದರು. ಹಾಲಪ್ಪ ಕೂತ. ಗುರುಗಳು ಕತೆ ಹೇಳಿದರು.

ಕಾಡಂಚಿನ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೊಡೆಯುವುದು ಅವನ ಕಸುಬು. ನೆಲದ ಮೇಲೆ ನಿಂತು ಕಾದರೆ ಹಂದಿಗೆ ಮನುಷ್ಯನ ವಾಸನೆ ಹತ್ತುತ್ತದೆ. ಅಟ್ಟಣೆ ಕಟ್ಟಿ ಕೂತರೆ ಅದಕ್ಕೆ ಗುಮಾನಿ ಬಂದು ಆ ದಾರಿಯನ್ನೇ ಬಿಟ್ಟುಬಿಡುತ್ತದೆ. ಅದಕ್ಕೆ ಆ ಊರಿನವರು ತೊಗಲಿನ ಒಂದು ಜೋಲಿ ಮಾಡಿಕೊಂಡಿದ್ದರು. ಸೊಂಟದ ಕೆಳಗೆ ಜೋಲಿ, ಜೋಲಿಯಿಂದ ಹಗ್ಗ, ಹಗ್ಗದ ತುದಿ ಮೇಲಿನ ಕೊಂಬೆಗೆ. ಎರಡೂ ಕಾಲನ್ನು ಮರದ ಬೊಡ್ಡೆಗೆ ಒತ್ತಿಕೊಂಡು ಅದರಲ್ಲಿ ಕೂತರೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಕೂತಲ್ಲಿಂದ ಬಿದ್ದರೆ ಮಾತ್ರ ಎದ್ದು ಮನೆಗೆ ಹೋಗುವ ಮಾತಿಲ್ಲ.

ಅವರಲ್ಲಿ ಒಂದು ಪದ್ಧತಿಯಿತ್ತು. ತಾನು ಕೂರುವ ಹಗ್ಗವನ್ನು ಮರ ಹತ್ತುವವನು ತಾನೇ ಕಟ್ಟಿಕೊಳ್ಳಬೇಕು. ಅದರ ಜೊತೆಗೆ ಆಪತ್ತಿಗೆ ಅಂತ ಇನ್ನೊಂದು ಹಗ್ಗ ಇರಲೇಬೇಕು. ಅದನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಕಟ್ಟಬೇಕು, ತನಗೆ ಸರಿ ಕಂಡ ಕಡೆ ಕಟ್ಟಬೇಕು. ಹತ್ತುವವನು ಅದಕ್ಕೆ ಕೈ ಹಚ್ಚುವಂತಿಲ್ಲ. ಅದನ್ನು ಕಟ್ಟುವವನೂ ಹತ್ತುವವನ ಹಗ್ಗ ಮುಟ್ಟುವಂತಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಹಿರಿಯರು ನಗುತ್ತಿದ್ದರು. ಒಡಹುಟ್ಟಿದವಳ ತಾಳಿ ಮರದಲ್ಲಿ ನೇತಾಡುತ್ತಿರುವಾಗ ಯಾವನು ತಾನೇ ಸಡಿಲ ಗಂಟು ಹಾಕುತ್ತಾನೆ, ಎನ್ನುತ್ತಿದ್ದರು.

ನಮ್ಮ ಬೇಟೆಗಾರನ ಭಾವಮೈದುನ ಮಹಾ ನಿಧಾನಿ. ಕೊಂಬೆಯನ್ನು ಕುಡುಗೋಲಿನ ಹಿಡಿಯಿಂದ ಕುಟ್ಟುವನು, ಕಿವಿಯಿಟ್ಟು ಕೇಳುವನು, ತಲೆ ಕೆರೆದುಕೊಳ್ಳುವನು. ಗಂಟು ಹಾಕುವನು, ಮನಸ್ಸಿಗೆ ಬಾರದೆ ಬಿಚ್ಚುವನು, ಮತ್ತೆ ಹಾಕುವನು. ನಡುವೆ ಎಲೆಯಡಿಕೆ ಬೇರೆ ಆಗಬೇಕು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಹಂದಿ ಬಂದು, ಇವರ ಸದ್ದು ಕೇಳಿ, ಬಂದ ದಾರಿಯಲ್ಲೇ ಹೊರಟುಹೋಗಿರುತ್ತಿತ್ತು. ಬೇಟೆಗಾರ ಮೇಲೆ ಕೂತು ಹಲ್ಲು ಕಡಿಯುತ್ತಿದ್ದ.

ಕಡೆಗೊಂದು ದಿನ ಅವನು ಭಾವಮೈದುನನನ್ನು ಕರೆಯದೆ ಒಬ್ಬನೇ ಹೋದ. ಹಂದಿ ಸಿಕ್ಕಿತು. ಮರುದಿನವೂ ಕರೆಯಲಿಲ್ಲ, ಆಮೇಲೆ ಕರೆಯುವುದನ್ನೇ ಬಿಟ್ಟ.

ಅವನನ್ನು ಹುಂಬ ಎಂದುಕೊಳ್ಳಬೇಡ ಹಾಲಪ್ಪ. ಜೀವದ ಮೇಲೆ ಆಸೆ ಇದ್ದವನೇ. ಭಾವಮೈದುನನ ಒಂದು ಹಗ್ಗ ತಪ್ಪಿತಲ್ಲ ಎಂದು ಅದರ ಬದಲಿಗೆ ಎರಡು ಹಗ್ಗ ತಾನೇ ಕಟ್ಟಿಕೊಂಡ. ಕೂರುವ ಹಗ್ಗ ಸೇರಿ ಮೂರಾಯಿತು. ಮೂರೂ ಕತ್ತಾಳೆ ನಾರಿನ ಹೊಸ ಹಗ್ಗ. ಪ್ರತಿ ಸಲ ಮರ ಹತ್ತುವ ಮೊದಲು ಬಿಸಿಲಿನಲ್ಲಿ ಕೂತು ಉದ್ದಕ್ಕೂ ಕೈಯಾಡಿಸಿ ನೋಡುವನು. ಒಂದು ಎಳೆ ಸವೆದದ್ದು ಕಂಡರೆ ಸಾಕು, ಆ ಹಗ್ಗ ಕರು ಕಟ್ಟಲು ಹೋಯಿತು. ಗಂಟುಗಳನ್ನಂತೂ ನೇತಾಡಿ ನೇತಾಡಿ ಪರೀಕ್ಷೆ ಮಾಡುವನು. ಇಷ್ಟು ಎಚ್ಚರವಾಗಿರುವವನು ಊರಲ್ಲಿ ಇನ್ನೊಬ್ಬನಿಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ.

ಮೂರನ್ನೂ ಕಟ್ಟುತ್ತಿದ್ದುದು ನೀರಿನ ಹೊಂಡದ ಪಕ್ಕದ ಮತ್ತಿಮರಕ್ಕೆ. ಆ ಮರದಲ್ಲಿ ತೊಡೆಗಿಂತ ದಪ್ಪನೆಯ ಒಂದು ಕೊಂಬೆಯಿತ್ತು. ಅವನು ಚಿಕ್ಕಂದಿನಿಂದ ಹತ್ತಿದ ಮರ, ಅವನೇ ಆರಿಸಿದ ಕೊಂಬೆ. ಹತ್ತಿದಾಗಲೆಲ್ಲ ಮನೆಯ ಎತ್ತಿನ ಬೆನ್ನು ತಟ್ಟುವ ಹಾಗೆ ಅದನ್ನು ಒಮ್ಮೆ ತಟ್ಟುತ್ತಿದ್ದ.

ಭಾವಮೈದುನ ಮುಖ ಸಣ್ಣದು ಮಾಡಿಕೊಂಡು ಓಡಾಡಿದ. ನನ್ನ ಗಂಟು ಭಾವನಿಗೆ ಬೇಡವಾಯಿತು, ಎಂದು ಅಕ್ಕನ ಹತ್ತಿರ ಒಂದು ಸಲ ಹೇಳಿಕೊಂಡ. ಅಕ್ಕ ಆಗ ಬಸುರಿ. ಅವಳು ಮರುದಿನ ಮಧ್ಯಾಹ್ನ ಗಂಡ ಹೊರಡುವ ಹೊತ್ತಿಗೆ ತೊಗಲಿನ ಜೋಲಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೂತುಬಿಟ್ಟಳು.

"ಏಳು, ಹೊತ್ತಾಯಿತು" ಎಂದ ಗಂಡ.

"ನನ್ನ ತಮ್ಮನನ್ನು ಕರೆ, ಏಳುತ್ತೇನೆ."

"ನಾನು ಕಟ್ಟುವುದು ಮೂರು ಹಗ್ಗ. ಅವನು ಕಟ್ಟುವುದು ಒಂದು. ಮೂರು ಹೆಚ್ಚೋ ಒಂದು ಹೆಚ್ಚೋ, ನೀನೇ ಹೇಳು."

"ನನಗೆ ಲೆಕ್ಕ ಬರುವುದಿಲ್ಲ. ಹುಟ್ಟುವ ಕೂಸಿಗೆ ಅಪ್ಪ ಒಬ್ಬನೇ ಅನ್ನುವುದು ಮಾತ್ರ ಗೊತ್ತು. ನಿನ್ನ ಮೂರು ನಿನಗಿರಲಿ. ನನ್ನ ತವರಿನದು ಒಂದಿರಲಿ."

ಬಸುರಿ ಹೆಂಗಸನ್ನು ರಟ್ಟೆ ಹಿಡಿದು ಎಬ್ಬಿಸುವಂತಿಲ್ಲ, ಗದರುವಂತಿಲ್ಲ. ಅವಳ ಕಣ್ಣಲ್ಲಿ ಹೆದರಿಕೆ ಇದ್ದುದೂ ಅವನಿಗೆ ಕಂಡಿತು. ಬೇಟೆಗಾರ ಸೋತು, ಹೋಗಿ ಭಾವಮೈದುನನನ್ನು ಕರೆದುಕೊಂಡು ಬಂದ.

ಅವನೋ, ಕರೆದದ್ದೇ ಸಾಕು ಎಂದು ತಾನು ಹೊಸೆದಿಟ್ಟಿದ್ದ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ಬಂದು ಮತ್ತಿಮರವನ್ನು ಒಂದು ಸುತ್ತು ಹಾಕಿದ. ಭಾವನ ಮೂರು ಹಗ್ಗ ಎಲ್ಲಿವೆ ಎಂದು ತಲೆಯೆತ್ತಿ ನೋಡಿದ. ಆಮೇಲೆ ಆ ಮರ ಬಿಟ್ಟು ಪಕ್ಕದ ದಿಂಡಿಗದ ಮರ ಹತ್ತಿದ. ಸೊಟ್ಟಗೆ ಬೆಳೆದ, ಮೈಯೆಲ್ಲ ಗಂಟಾದ ಮರ ಅದು. ಎಂದಿನ ಹಾಗೆ ಕುಟ್ಟಿದ, ಕೇಳಿದ, ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಹಗ್ಗದ ಇನ್ನೊಂದು ತುದಿಯನ್ನು ತಂದು ಜೋಲಿಯ ಬೆನ್ನಿಗೆ ಬಿಗಿದ.

"ಇಷ್ಟು ದೊಡ್ಡ ಕೊಂಬೆ ಕಣ್ಣೆದುರಿಗೆ ಇರುವಾಗ ಆ ಕುಂಟು ಮರವನ್ನು ಹುಡುಕಿದೆಯಲ್ಲೋ" ಎಂದು ಬೇಟೆಗಾರ ನಕ್ಕ. ಭಾವಮೈದುನ ಇಳಿದು, ಹೊಲದ ಬದುವಿನ ಮೇಲೆ ಹೋಗಿ ಕೂತ.

ಪಕ್ಕದ ಮರದಿಂದ ಬಂದ ಹಗ್ಗ ಬೇಟೆಗಾರನಿಗೆ ಬಲು ಕಿರಿಕಿರಿ ಮಾಡಿತು. ಈ ಕಡೆ ತಿರುಗಿದರೆ ಹೆಗಲಿಗೆ ತಾಕುತ್ತದೆ, ಆ ಕಡೆ ತಿರುಗಿದರೆ ಕಿವಿಗೆ ಸವರುತ್ತದೆ. ಮೂರು ಹಗ್ಗದ ಮೇಲೆ ಇದೊಂದು ಪೀಡೆ ಎಂದು ಬೈದುಕೊಂಡ. ಬಿಚ್ಚಿಬಿಡೋಣ ಎಂದು ಗಂಟಿಗೆ ಕೈ ಹಾಕಿಯೂ ಬಿಟ್ಟ. ಆಗ ಜೋಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹೆಂಡತಿ ನೆನಪಾದಳು. ಹಾಳಾಗಿ ಹೋಗಲಿ, ಇರಲಿ, ಎಂದು ಕೈ ಹಿಂದಕ್ಕೆ ತೆಗೆದ.

ಬಿಸಿಲು ಇಳಿಯುವಾಗ ಹಂದಿ ಬಂತು. ಕೊಬ್ಬಿದ ಒಂಟಿ ಹಂದಿ. ಬೇಟೆಗಾರ ಬಿಲ್ಲು ಎಳೆದು ಜೋಲಿಯಲ್ಲಿ ಮುಂದಕ್ಕೆ ವಾಲಿದ. ತಲೆಯ ಮೇಲೆ ಏನೋ ಲಟಕ್ಕೆಂದಿತು. ಹಗ್ಗ ಹರಿಯಿತೇನೋ ಎಂದು ಮೇಲೆ ನೋಡಿದ. ಮೂರೂ ಬಿಗಿಯಾಗಿಯೇ ಇದ್ದವು. ಮೂರೂ ಅವನ ಜೊತೆಗೇ ಕೆಳಗೆ ಬರುತ್ತಿದ್ದವು.

ಬೀಳುವಾಗ ಅವನಿಗೆ ದೇವರು ನೆನಪಾಗಲಿಲ್ಲ. ಕೂಸಿನ ಮುಖ ನೋಡಲಿಲ್ಲವಲ್ಲ, ಎಂಬುದೊಂದೇ ನೆನಪಾಯಿತು. ಅಷ್ಟರಲ್ಲಿ ಬೆನ್ನನ್ನು ಯಾರೋ ಹಿಡಿದು ಜಗ್ಗಿದ ಹಾಗಾಯಿತು. ಪಕ್ಕಕ್ಕೆ ಜೀಕಿ ಹೋಗಿ ದಿಂಡಿಗದ ಬೊಡ್ಡೆಗೆ ಭುಜ ಬಡಿಯಿತು. ಕಣ್ಣು ಬಿಟ್ಟರೆ ನೆಲ ಇನ್ನೂ ಒಂದು ಆಳಿನಷ್ಟು ಕೆಳಗಿತ್ತು. ಕೊಂಬೆ ಅವನ ಪಕ್ಕದಲ್ಲೇ ಬಿದ್ದು ಹೊಂಡದ ಕೆಸರಿನಲ್ಲಿ ಹೂತುಕೊಂಡಿತ್ತು. ಹಂದಿ ಕಾಡಿನ ಕಡೆ ಓಟ ಕಿತ್ತಿತ್ತು.

ಭಾವಮೈದುನ ಬದುವಿನಿಂದ ಓಡಿ ಬಂದ. ಅವನು ಓಡಿದ್ದನ್ನು ಆ ಊರಿನವರು ಅದುವರೆಗೆ ನೋಡಿರಲಿಲ್ಲ. ಮರ ಹತ್ತಿ ಹಗ್ಗ ಸಡಿಲಿಸಿ ಭಾವನನ್ನು ನೆಲಕ್ಕೆ ಇಳಿಸಿದ. ಬೇಟೆಗಾರ ಅಲ್ಲೇ ಕೂತುಕೊಂಡು ಅತ್ತ. ಸ್ವಲ್ಪ ಹೊತ್ತಾದ ಮೇಲೆ, "ಮೂರು ಹಗ್ಗ ಇದ್ದವಲ್ಲೋ, ಒಂದಾದರೂ ಹಿಡಿದುಕೊಳ್ಳಬಾರದಿತ್ತೇ?" ಎಂದ.

ಭಾವಮೈದುನ ಬಿದ್ದ ಕೊಂಬೆಯ ಹತ್ತಿರ ಹೋಗಿ ಬಗ್ಗಿ ನೋಡಿದ. "ಮೂರೂ ಹಿಡಿದುಕೊಂಡೇ ಇವೆ ಭಾವ. ಒಂದು ಗಂಟೂ ಸಡಿಲಾಗಿಲ್ಲ" ಎಂದ.

ಬೇಟೆಗಾರ ಭುಜ ಒತ್ತಿಕೊಂಡು ಹೋಗಿ ಹಗ್ಗಗಳನ್ನು ಪಕ್ಕಕ್ಕೆ ಸರಿಸಿದ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಹಗ್ಗ ಉಜ್ಜಿ ಉಜ್ಜಿ ಅಲ್ಲಿ ತೊಗಟೆ ಹೋಗಿ ಗಾಯವಾಗಿತ್ತು. ಗಾಯಕ್ಕೆ ಮಳೆನೀರು ಇಳಿದಿತ್ತು, ನೀರಿನ ಹಿಂದೆ ಗೆದ್ದಲು ಬಂದಿತ್ತು. ಒಂದು ಹಗ್ಗವಿದ್ದಾಗ ಗಾಯ ಸ್ವಲ್ಪವಾದರೂ ಕಾಣುತ್ತಿತ್ತೋ ಏನೋ, ಮೂರನ್ನು ಒತ್ತೊತ್ತಾಗಿ ಸುತ್ತಿದ ಮೇಲೆ ಪೂರಾ ಮುಚ್ಚಿಹೋಗಿತ್ತು. ಅವನು ಬೆರಳು ಹಾಕಿದರೆ ಒಳಗಿನ ಮರ ಹಸಿ ಹಿಟ್ಟಿನ ಹಾಗೆ ಕೈಗೆ ಬಂತು.

"ಇದು ಒಳಗೆ ಕೊಳೆತು ಲಡ್ಡಾಗಿದೆ ಅಂತ ನಿನಗೆ ಗೊತ್ತಿತ್ತೇ?" ಎಂದು ಕೇಳಿದ.

"ನನಗೆ ಹೇಗೆ ಗೊತ್ತಾಗಬೇಕು ಭಾವ? ಅದು ನೀನು ಆರಿಸಿದ ಕೊಂಬೆ. ಅದಕ್ಕೇ ನಾನು ಬೇರೆ ಮರಕ್ಕೆ ಹೋದೆ, ಅಷ್ಟೇ."

ಬೇಟೆಗಾರ ಭಾವಮೈದುನನ ಆ ಹಗ್ಗವನ್ನು ಮತ್ತೆ ಕಾಡಿಗೆ ಒಯ್ಯಲಿಲ್ಲ, ಮನೆಯಲ್ಲೇ ಇಟ್ಟುಕೊಂಡ. ಹೆಣ್ಣುಮಗು ಹುಟ್ಟಿದಾಗ ತೊಟ್ಟಿಲಿಗೆ ಅದೇ ಹಗ್ಗ ಎಂದ. ಕಟ್ಟಲು ಭಾವಮೈದುನನೇ ಬಂದ. ಒಂದೊಂದು ತೊಲೆಯನ್ನೂ ಕುಟ್ಟಿದ, ಕಿವಿಯಿಟ್ಟು ಕೇಳಿದ, ತಲೆ ಕೆರೆದುಕೊಂಡ. ಗಂಟು ಹಾಕಿ ಬಿಚ್ಚಿದ. ಕೂಸು ಅಪ್ಪನ ತೋಳಲ್ಲಿ ಒಂದೇ ಸಮನೆ ಅಳುತ್ತಿತ್ತು. ಬೇಟೆಗಾರ ಅದನ್ನು ತೂಗುತ್ತ ಮನೆಯುದ್ದಕ್ಕೂ ಓಡಾಡಿದ, ಹಲ್ಲು ಕಡಿಯಲಿಲ್ಲ. "ಎಲೆಯಡಿಕೆ ಹಾಕಿಕೊಳ್ಳೋ, ನಿಧಾನವಾಗಲಿ" ಎಂದ. ಬಾಣಂತಿ ಮಲಗಿದ್ದಲ್ಲೇ ಮಗ್ಗುಲಾಗಿ ನಕ್ಕಳು.

ಕತೆ ಮುಗಿಯಿತು. ಹಾಲಪ್ಪ ಸುಲಿಯುವುದನ್ನು ಯಾವಾಗಲೋ ಬಿಟ್ಟಿದ್ದ. ಬೇಟೆಗಾರ ಉಳಿದನಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು, ತೊಟ್ಟಿಲಿನ ಮಾತು ಕೇಳಿ ಮುಖ ಅರಳಿತ್ತು. ಆದರೂ ತನ್ನ ಪ್ರಶ್ನೆ ಮರೆತಿರಲಿಲ್ಲ.

"ಪುಣ್ಯವಂತ, ಬದುಕಿಕೊಂಡ" ಎಂದ. "ಆದರೆ ಗುರುಗಳೇ, ಅವನ ಮೂರೂ ಒಂದೇ ಥರದ ಹಗ್ಗ. ನನ್ನದು ಹಾಗಲ್ಲ. ಜಪ ಬೇರೆ, ಉಪವಾಸ ಬೇರೆ, ಓದು ಬೇರೆ."

ಗುರುಗಳು ಸುಲಿದ ಕಾಳನ್ನೆಲ್ಲ ಮೊರಕ್ಕೆ ಹಾಕಿ ಅವನ ಕಡೆ ತಳ್ಳಿದರು.

"ಹಗ್ಗ ಬೇರೆ ಬೇರೆಯೇ ಹಾಲಪ್ಪ, ಆದರೆ ನಾನೇ ನೋಡುತ್ತೇನೆ, ನಾನೇ ಹುಡುಕುತ್ತೇನೆ, ನಾನೇ ತಿದ್ದುತ್ತೇನೆ ಎಂದೆಯಲ್ಲ, ಆ ಕೊಂಬೆ ಒಂದೇ."

ಹಾಲಪ್ಪ ಮೊರ ಎತ್ತಿಕೊಂಡು ಈರಯ್ಯನಿದ್ದ ಅಡುಗೆಮನೆಯ ಕಡೆ ಹೋದ.