ಪಕ್ಕವಾದ್ಯ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಶ್ರಮದಲ್ಲಿ ಸಂಜೆಯ ಪ್ರವಚನ ಹೇಳುತ್ತಿದ್ದ ನನ್ನ ಗೆಳೆಯ ತೀರಿಕೊಂಡ. ಅವನ ನೆನಪಿಗೆಂದು ಈಗ ನಾನು ಹೇಳುತ್ತಿದ್ದೇನೆ. ಅವನ ಮಾತನ್ನೇ ಹೇಳುತ್ತೇನೆ, ಅವನು ನಗಿಸುತ್ತಿದ್ದ ಕಡೆಯೇ ನಗಿಸುತ್ತೇನೆ. ಕೇಳಿದವರು ಅವನೇ ಬಂದಂತಾಯಿತು ಎನ್ನುತ್ತಾರೆ. ನನಗೆ ಮಾತ್ರ ಅವನು ದಿನದಿನಕ್ಕೆ ದೂರವಾಗುತ್ತಿದ್ದಾನೆ. ಯಾಕೆ ಹೀಗೆ?"

"ಹೊಗಳಿದವರನ್ನೇ ಕೇಳಬಹುದಿತ್ತು. ನನ್ನ ಹತ್ತಿರ ಬಂದಿದ್ದೀಯ, ಇನ್ನು ಕತೆ ಕೇಳದೆ ವಿಧಿಯಿಲ್ಲ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಹಾಡುಗಾರನಿದ್ದ. ಅವನಿಗೆ ಪಕ್ಕವಾದ್ಯ ನುಡಿಸುವ ಒಬ್ಬ ಪಿಟೀಲುಗಾರನಿದ್ದ. ಹರೆಯದಿಂದ ಮುಪ್ಪಿನವರೆಗೆ ಇಬ್ಬರೂ ಒಂದೇ ವೇದಿಕೆಯ ಮೇಲೆ ಕೂತವರು. ಪಕ್ಕವಾದ್ಯದವನ ಪಾಡು ನಿನಗೆ ಗೊತ್ತಲ್ಲ. ಹಾಡುಗಾರ ರಾಗವನ್ನು ಎತ್ತ ಒಯ್ದರೆ ಅತ್ತ, ಅರೆ ಉಸಿರು ಹಿಂದೆ, ಅವನು ಹೋಗಬೇಕು. ಎಲ್ಲಿಗೆಂದು ಮೊದಲೇ ಯಾರೂ ಹೇಳುವುದಿಲ್ಲ. ಈ ಹಾಡುಗಾರನಂತೂ ಮಹಾ ತುಂಟ. ಕಚೇರಿಯ ನಡುವೆ ಯಾರೂ ಎಣಿಸದ ತಿರುವಿಗೆ ನುಗ್ಗಿ, ಗೆಳೆಯನನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಪಿಟೀಲಿನ ಕಮಾನು ಅವನನ್ನು ಹಿಡಿದರೆ 'ಭೇಷ್' ಎನ್ನುತ್ತಿದ್ದ. ಆ ಒಂದು ಭೇಷ್‌ಗಾಗಿಯೇ ಪಿಟೀಲುಗಾರ ಜೀವ ತೇಯ್ದಿದ್ದ.

ಹಾಡುಗಾರ ತೀರಿಕೊಂಡ. ವರ್ಷ ತುಂಬಿದಾಗ ಊರಿನ ಸಂಗೀತ ಸಭೆಯವರು ಅವನ ನೆನಪಿಗೆ ಕಚೇರಿ ಇಟ್ಟು, ಪಿಟೀಲುಗಾರನನ್ನೇ ಕರೆದರು. ಅವನು ಬಂದ. ವೇದಿಕೆಯ ನಡುವೆ ಕೂರದೆ ತನ್ನ ಹಳೆಯ ಜಾಗದಲ್ಲಿ, ಪಕ್ಕಕ್ಕೆ ಕೂತ. ಶ್ರುತಿ ಸೇರಿತು. ತಂತಿಯ ಮೇಲೆ ಕಮಾನು ಇಟ್ಟವನು ಹಾಗೆಯೇ ಕಾದ. ಯಾರಾದರೂ ಮೊದಲು ಹಾಡಬೇಕಲ್ಲ. ಸಭೆಯಲ್ಲಿ ಒಬ್ಬಿಬ್ಬರು ಕೆಮ್ಮಿದರು. ಮೃದಂಗದವನು ಮೆಲ್ಲಗೆ ಹೆಸರು ಹಿಡಿದು ಕರೆದ ಮೇಲೆ ಅವನಿಗೆ ಎಚ್ಚರವಾಯಿತು. ಅಂದು ಏನೂ ನುಡಿಸಲಾಗದೆ ಎದ್ದು ಹೋದ. ಅವಮಾನ ಹಾಗಿರಲಿ, ಗೆಳೆಯನ ಜೊತೆಗೆ ತನ್ನ ವಿದ್ಯೆಯೂ ಹೋಯಿತೇ ಎಂಬ ಹೆದರಿಕೆ ಅವನನ್ನು ಹಿಡಿಯಿತು.

ಮರುವರ್ಷ ಸಿದ್ಧನಾಗಿ ಬಂದ. ಗೆಳೆಯನಿಗೆ ಹೆಸರು ತಂದ ರಾಗವನ್ನು, ಅವನು ಹಾಡುತ್ತಿದ್ದಂತೆಯೇ, ಒಂದು ಗಮಕ ಬಿಡದೆ ನುಡಿಸಿದ. ಜನ ಕಣ್ಣೊರೆಸಿಕೊಂಡರು. ಅವನೇ ಬಂದು ಹಾಡಿದಂತಾಯಿತು ಎಂದರು. ಶಾಲು ಹೊದೆಸಿದರು. ಪಿಟೀಲುಗಾರ ಆ ಶಾಲು ಹೊದ್ದುಕೊಂಡೇ ಒಬ್ಬನೇ ಮನೆಗೆ ನಡೆದ. ಗೆಳೆಯ ಸತ್ತ ದಿನವೂ ಅವನಿಗೆ ಅಷ್ಟು ಒಂಟಿ ಎನಿಸಿರಲಿಲ್ಲ. ಇಡೀ ಸಂಜೆ, ಮುಂದೇನು ಬರುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಹಾಡುಗಾರ ಬದುಕಿದ್ದಾಗ ಒಂದು ದಿನವೂ ಹಾಗಾಗಿರಲಿಲ್ಲ.

ಮೂರನೆಯ ವರ್ಷವೂ ನೆನಪಿನ ಕಚೇರಿಯ ದಿನ ಬಂತು. ಅದೇ ರಾಗ ಎತ್ತಿಕೊಂಡ. ಜನ ತಲೆದೂಗತೊಡಗಿದರು. ನಡುವೆ ಒಂದು ಸ್ವರದ ಮೇಲೆ ಅವನು ನಿಂತುಬಿಟ್ಟ. ಮುಂದಿನದು ಬಾಯಿಪಾಠವಿತ್ತು, ಬಿಟ್ಟ. ಗೆಳೆಯ ಕೂರುತ್ತಿದ್ದ ನಡುವಿನ ಖಾಲಿ ಜಾಗದ ಕಡೆ ಕಿವಿ ತಿರುಗಿಸಿ ಕಾದ. ಆಮೇಲೆ ಕಮಾನು ಮೆಲ್ಲಗೆ, ಅರೆ ಉಸಿರು ತಡವಾಗಿ, ಗೊತ್ತಿಲ್ಲದ ಕಡೆಗೆ ಹೊರಟಿತು. ತಪ್ಪಿತು, ಹಿಂದೆ ಬಂತು, ಮತ್ತೆ ಹುಡುಕಿತು. ಜನ ಮುಖ ಮುಖ ನೋಡಿಕೊಂಡರು. ಕೆಲವರು ಎದ್ದು ಹೋದರು.

ಕಚೇರಿ ಮುಗಿದ ಮೇಲೆ ಮೃದಂಗದವನು ಬೇಸರದಿಂದ ಕೇಳಿದ: "ಏನಯ್ಯಾ ಇದು? ಅವನು ಇದನ್ನು ಯಾವತ್ತೂ ಹಾಡಿರಲಿಲ್ಲ."

"ಇಲ್ಲ," ಎಂದ ಪಿಟೀಲುಗಾರ. "ಇದ್ದಿದ್ದರೆ ಇವತ್ತು ಹಾಡುತ್ತಿದ್ದ. ಪೂರ್ತಿ ಹಿಡಿಯಲು ನನ್ನಿಂದ ಆಗಲಿಲ್ಲ."

ಮುಂದಿನ ವರ್ಷ ಸಭೆಯವರು ಅವನನ್ನು ಕರೆಯಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಅವನು ಇದ್ದ ಗೌರವವನ್ನೂ ಕಳೆದುಕೊಂಡ, ಕೊನೆಗೆ ಒಬ್ಬನೇ ಉಳಿದ," ಎಂದ.

ಪ್ರವಚನದ ಹೊತ್ತಾಗಿತ್ತು. ಹೊರಗೆ ಜನ ಬಂದು ಕೂರುತ್ತಿದ್ದರು. ಗುರುಗಳು ಅತ್ತ ನೋಡಿ ಹೇಳಿದರು:

"ಪಿಟೀಲುಗಾರನ ಮಾತು ಬಿಡು, ನಿನ್ನ ಗೆಳೆಯ ಇದ್ದಿದ್ದರೆ ಇವತ್ತು ಏನು ಹೇಳುತ್ತಿದ್ದ?"